ಚಿತ್ರದ ಕೆಳಗಿನ ಒಂದು ಸಾಲು

(ಪತ್ರಿಕೋದ್ಯಮ ಮತ್ತು ಛಾಯಾಗ್ರಹಣ ಕಲಿಯುತ್ತಿರುವ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಯಾವುದೇ ದಿನಪತ್ರಿಕೆಯ ಜಿಲ್ಲಾ ಪುಟವನ್ನು ಬಿಡಿಸಿ ನೋಡಿ. ಅದರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಚಿತ್ರಗಳಿರುತ್ತವೆ. ಒಂದು ವೇದಿಕೆಯ ಚಿತ್ರ. ದೀಪ ಒಂದೇ, ಹಚ್ಚುವ ಕೈಗಳು ಎಂಟು. ಎಲ್ಲರ ಮುಖವೂ ಕ್ಯಾಮೆರಾದ ಕಡೆಗೆ. ದೀಪದ ಕಡೆ ಯಾರೂ ನೋಡುತ್ತಿರುವುದಿಲ್ಲ. ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಆರಂಭವಾಗುವ ಅಡಿಬರಹದಲ್ಲಿ ಎಂಟೂ ಜನರ ಹೆಸರು, ಇನಿಷಿಯಲ್, ಹುದ್ದೆ. ಒಂದು ಇನಿಷಿಯಲ್ ಹೆಚ್ಚುಕಡಿಮೆಯಾದರೂ ಮರುದಿನ ಬೆಳಿಗ್ಗೆಯೇ ಕಚೇರಿಗೆ ಫೋನು ಬರುತ್ತದೆ.

ಇನ್ನೊಂದು ಬೀದಿಯ ಚಿತ್ರ. ಒಣಗಿದ ನಲ್ಲಿಯ ಮುಂದೆ ಪ್ಲಾಸ್ಟಿಕ್ ಕೊಡಗಳ ಸಾಲು. ಸಾಲಿನ ತುದಿಯಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತ ಒಬ್ಬ ತಾಯಿ. ಪುಟ ತೆರೆದ ಕೂಡಲೇ ಕಣ್ಣು ಹೋಗಿ ನಿಲ್ಲುವುದು ಈ ಚಿತ್ರದ ಮೇಲೆಯೇ. ಕೆಳಗೆ ಏನಿರುತ್ತದೆ? ‘ನೀರಿಗಾಗಿ ಕಾದು ಕುಳಿತಿರುವ ಮಹಿಳೆ’. ಅಷ್ಟೆ. ಎಷ್ಟು ಹೊತ್ತಿನಿಂದ ಕಾದಿದ್ದಾಳೆ, ಆ ಬೀದಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕಾಯುವುದಕ್ಕಾಗಿ ಅಂದಿನ ಕೂಲಿ ತಪ್ಪಿತೇ, ಆಕೆಯ ಹೆಸರೇನು, ಯಾವುದೂ ಇಲ್ಲ. ಆಕೆಯಿಂದ ಫೋನೂ ಬರುವುದಿಲ್ಲ.

ದಿನನಿತ್ಯದ ಬದುಕಿನ ಕಥೆ ಹೇಳುವ ಸುದ್ದಿಚಿತ್ರಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಛಾಯಾಗ್ರಾಹಕನಲ್ಲ, ವರದಿಗಾರ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದುದು ಚಿತ್ರಗಳಿಗೆ ಅಡಿಬರಹ, ಅಂದರೆ ನಮ್ಮ ಕಚೇರಿ ಭಾಷೆಯಲ್ಲಿ ಕ್ಯಾಪ್ಷನ್, ಬರೆಯುವ ಕೆಲಸ. ಆದ್ದರಿಂದ ನನ್ನ ಮಾತು ಅರ್ಧ ಚಿತ್ರದ ಬಗ್ಗೆ, ಅರ್ಧ ಅದರ ಕೆಳಗಿನ ಸಾಲಿನ ಬಗ್ಗೆ. ಸಾವಿರ ಮಾತು ಹೇಳಲಾಗದ್ದನ್ನು ಒಂದು ಚಿತ್ರ ಹೇಳುತ್ತದೆ ಎಂದು ತರಗತಿಯಲ್ಲಿ ನೀವೆಲ್ಲ ಕೇಳಿರುತ್ತೀರಿ. ನನಗೆ ಆ ಮಾತಿನಲ್ಲಿ ಪೂರ್ತಿ ನಂಬಿಕೆಯಿಲ್ಲ. ಚಿತ್ರ ಮುಖವನ್ನು ತೋರಿಸುತ್ತದೆ, ಹೆಸರು ಹೇಳುವುದಿಲ್ಲ. ಸಂಜೆಯ ಬೆಳಕನ್ನು ತೋರಿಸುತ್ತದೆ, ತಾರೀಖು ಹೇಳುವುದಿಲ್ಲ. ಹಸಿವನ್ನು ತೋರಿಸುತ್ತದೆ, ಅನ್ನ ಎಲ್ಲಿ ನಿಂತುಹೋಯಿತು ಎಂದು ಹೇಳುವುದಿಲ್ಲ. ಸಭೆಯಲ್ಲಿರುವ ಹಿರಿಯ ಛಾಯಾಗ್ರಾಹಕರು ಇದಕ್ಕೆ ಕೋಪಿಸಿಕೊಳ್ಳಬಾರದು. ಮುಂದೆ ಹೇಳುವುದನ್ನು ಕೇಳಿ ಆಮೇಲೆ ಜಗಳಕ್ಕೆ ಬರಬಹುದು.

ಮೊದಲು ಸ್ವಲ್ಪ ಹಿನ್ನೆಲೆ. ಛಾಯಾಗ್ರಹಣದ ವಿಧಾನ ಜಗತ್ತಿಗೆ ಬಹಿರಂಗವಾದದ್ದು 1839ರಲ್ಲಿ. ಆದರೆ ಮುಂದಿನ ಸುಮಾರು 40 ವರ್ಷ ದಿನಪತ್ರಿಕೆಯಲ್ಲಿ ಫೋಟೊವನ್ನು ಇದ್ದಂತೆ ಅಚ್ಚು ಹಾಕುವ ದಾರಿ ಇರಲಿಲ್ಲ. ಕೆತ್ತನೆಗಾರ ಫೋಟೊ ನೋಡಿಕೊಂಡು ಮರದ ಅಚ್ಚಿನ ಮೇಲೆ ಗೆರೆಗೆರೆಯಾಗಿ ಕೊರೆಯಬೇಕಿತ್ತು. ಓದುಗನಿಗೆ ಸಿಗುತ್ತಿದ್ದುದು ಕ್ಯಾಮೆರಾ ಕಂಡದ್ದಲ್ಲ, ಕೆತ್ತನೆಗಾರನ ಕೈ ಒಪ್ಪಿದ್ದು. ಹಾಫ್‌ಟೋನ್ ವಿಧಾನ ಬಂದ ಮೇಲೆ ಇದು ಬದಲಾಯಿತು. ಅಚ್ಚಿನ ಯಂತ್ರಕ್ಕೆ ಗೊತ್ತಿರುವುದು ಎರಡೇ: ಮಸಿ ಹಚ್ಚುವುದು, ಇಲ್ಲವೇ ಬಿಡುವುದು. ಬೂದುಬಣ್ಣ ಅದಕ್ಕೆ ತಿಳಿಯದು. ಆದ್ದರಿಂದ ಚಿತ್ರವನ್ನು ಚುಕ್ಕಿಗಳಾಗಿ ಒಡೆದರು. ಕಪ್ಪಿದ್ದಲ್ಲಿ ದಪ್ಪ ಚುಕ್ಕಿ, ತಿಳಿಯಾಗಿದ್ದಲ್ಲಿ ಸಣ್ಣ ಚುಕ್ಕಿ. ಮನೆಗೆ ಹೋದ ಮೇಲೆ ಭೂತಗನ್ನಡಿ ಹಿಡಿದು ಪತ್ರಿಕೆಯ ಚಿತ್ರ ನೋಡಿ, ಚುಕ್ಕಿಗಳು ಈಗಲೂ ಕಾಣುತ್ತವೆ. ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ 1880ರ ಮಾರ್ಚ್ 4ರಂದು ಈ ವಿಧಾನದಲ್ಲಿ ಒಂದು ಫೋಟೊವನ್ನು ಪ್ರಕಟಿಸಿತು. ದಿನಪತ್ರಿಕೆಯಲ್ಲಿ ಹೀಗೆ ಬಂದ ಮೊದಲ ಚಿತ್ರವೆಂದು ಅದನ್ನು ಎಣಿಸುವವರಿದ್ದಾರೆ. ಅದರಲ್ಲಿ ದೊರೆಯಿಲ್ಲ, ಯುದ್ಧವಿಲ್ಲ. ಇದ್ದದ್ದು ನಗರದ ಬಡವರ ಗುಡಿಸಲುಗಳು.

ನಮ್ಮಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಫೋಟೊ ಎಂದರೆ ಲೋಹದ ಬ್ಲಾಕ್. ಅದನ್ನು ಮಾಡಿಸಲು ಹಣವೂ ಬೇಕು, ಹೊತ್ತೂ ಬೇಕು. ಮಂತ್ರಿಯ ಮುಖದ ಬ್ಲಾಕ್ ಒಂದು ಸಲ ಮಾಡಿಸಿಟ್ಟರೆ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ. ನಲ್ಲಿಯ ಮುಂದೆ ಕುಳಿತವಳ ಬ್ಲಾಕ್ ಒಂದು ದಿನಕ್ಕೆ ಮುಗಿಯಿತು. ಯಾರ ಮುಖ ಪತ್ರಿಕೆಯಲ್ಲಿ ಬರಬೇಕೆಂಬ ಲೆಕ್ಕಾಚಾರ ಸ್ವಲ್ಪಮಟ್ಟಿಗೆ ಈ ಖರ್ಚಿನಿಂದಲೂ ಹುಟ್ಟಿರಬೇಕು ಎಂಬುದು ನನ್ನ ಅನುಮಾನ. ಆಫ್‌ಸೆಟ್ ಬಂದ ಮೇಲೆ ಆ ನೆಪ ಹೋಯಿತು, ಅಭ್ಯಾಸ ಮಾತ್ರ ಉಳಿಯಿತು. ಹಳೆಯ ತಲೆಮಾರಿನವರನ್ನು ಕೇಳಿದರೆ ರಾತ್ರಿ ಬಸ್ಸಿನ ಕಥೆ ಹೇಳುತ್ತಾರೆ. ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆದು, ಒಣಗಿಸಿ, ಲಕೋಟೆಗೆ ಹಾಕಿ, ಬೆಂಗಳೂರಿಗೆ ಹೊರಟ ಬಸ್ಸಿನವರ ಕೈಗೆ ಕೊಟ್ಟು ಬರುತ್ತಿದ್ದ ಕಥೆ. ಫೋಟೊದ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಗೀಚಿದ ಎರಡು ಸಾಲು ಬಿಟ್ಟರೆ ಡೆಸ್ಕಿನಲ್ಲಿ ಕುಳಿತವರಿಗೆ ಬೇರೆ ಆಧಾರವಿರುತ್ತಿರಲಿಲ್ಲ.

ಬರಹಕ್ಕೆ ಬಾಗಿಲು ಮುಚ್ಚಿದ್ದಾಗ ಚಿತ್ರ ಒಳಗೆ ನುಗ್ಗಿದ ಪ್ರಸಂಗವೊಂದನ್ನು ಈಗ ಹೇಳಬೇಕು. ಅದು 1943ರ ಬಂಗಾಳ, ಎರಡನೆಯ ಮಹಾಯುದ್ಧದ ಕಾಲ. ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು, ಬೆಲೆ ಬಡವರ ಕೈಗೆ ಸಿಗದಷ್ಟು ಏರಿತ್ತು, ಸರ್ಕಾರಕ್ಕೆ ಯುದ್ಧವೇ ಮೊದಲಾಗಿತ್ತು. ಹಳ್ಳಿಗಳಿಂದ ಕಾಲೆಳೆದುಕೊಂಡು ಬಂದವರು ಕಲ್ಕತ್ತೆಯ ಫುಟ್‌ಪಾತಿನಲ್ಲಿ ಸಾಯುತ್ತಿದ್ದರು. ಯುದ್ಧಕಾಲದ ನಿರ್ಬಂಧಗಳಿಂದಾಗಿ ಪತ್ರಿಕೆಗಳು ಇದನ್ನು ಬಿಚ್ಚಿ ಬರೆಯುವಂತಿರಲಿಲ್ಲ. ‘ದಿ ಸ್ಟೇಟ್ಸ್‌ಮನ್’ ಆಗ ಬ್ರಿಟಿಷ್ ಒಡೆತನದ ಪತ್ರಿಕೆ. ಸಂಪಾದಕ ಇಯಾನ್ ಸ್ಟೀಫನ್ಸ್ ಕೂಡ ಬ್ರಿಟಿಷರೇ. ನಿರ್ಬಂಧಗಳೆಲ್ಲ ಅಕ್ಷರಗಳನ್ನು ಕುರಿತವು, ಚಿತ್ರಗಳ ಬಗ್ಗೆ ಯಾರೂ ಯೋಚಿಸಿರಲಿಲ್ಲ ಎಂಬುದನ್ನು ಅವರು ಗಮನಿಸಿದರು. ಆಗಸ್ಟ್ 22ರ ಭಾನುವಾರ ಬೀದಿಯಲ್ಲಿ ಬಿದ್ದಿದ್ದವರ ಚಿತ್ರಗಳು ಪತ್ರಿಕೆಯಲ್ಲಿ ಬಂದವು. ಮುಂದಿನ ಭಾನುವಾರ ಮತ್ತಷ್ಟು. ಅದರ ಜೊತೆಗೆ ಸರ್ಕಾರದ ಹೊಣೆಗೇಡಿತನವನ್ನು ಟೀಕಿಸುವ ಸಂಪಾದಕೀಯಗಳೂ ಬಂದವು. ದೆಹಲಿಯಲ್ಲಾಗಲಿ ಲಂಡನ್ನಿನಲ್ಲಾಗಲಿ ಇನ್ನು ಮುಂದೆ ಕ್ಷಾಮವೇ ಇಲ್ಲ ಎನ್ನುವುದು ಸಾಧ್ಯವಾಗಲಿಲ್ಲ. ಆ ಕ್ಷಾಮದಲ್ಲಿ ಸತ್ತವರು ಸುಮಾರು 15 ಲಕ್ಷ ಎಂದು ಸರ್ಕಾರದ ವಿಚಾರಣಾ ಆಯೋಗ ಅಂದಾಜು ಮಾಡಿತು. 30 ಲಕ್ಷದವರೆಗೂ ಇರಬೇಕೆಂದು ಆಮೇಲಿನ ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ಅದೇ ಕ್ಷಾಮವನ್ನು ಊರೂರು ಸುತ್ತಿ ಚಿತ್ರಿಸಿದ ಇನ್ನೊಬ್ಬರು ಸುನಿಲ್ ಜಾನಾ. ಆಗ ಅವರಿಗೆ 25 ವರ್ಷ. ಕಮ್ಯುನಿಸ್ಟ್ ನಾಯಕ ಪಿ.ಸಿ. ಜೋಶಿ ಅವರ ಜೊತೆ ಹೊರಟ ಜಾನಾ ತೆಗೆದ ಚಿತ್ರಗಳು ಪಕ್ಷದ ಪತ್ರಿಕೆ ‘ಪೀಪಲ್ಸ್ ವಾರ್’ನಲ್ಲಿ ಅಚ್ಚಾಗಿ ದೇಶದ ಬೇರೆ ಮೂಲೆಗಳಿಗೂ ತಲುಪಿದವು. ಇವತ್ತು ಆ ಚಿತ್ರಗಳನ್ನು ನೋಡಿದರೆ ಒಂದು ವಿಷಯ ತಟ್ಟುತ್ತದೆ. ಅಲ್ಲಿರುವವರು ‘ತಾಯಿ’, ‘ಮಗು’, ‘ಗಂಜಿಗೆ ನಿಂತವರು’. ಹೆಸರಿನಿಂದ ನಮಗೆ ಗೊತ್ತಿರುವವರು ಇಲ್ಲವೆನ್ನುವಷ್ಟು ಕಡಿಮೆ. ಪ್ರಾಣ ಹೋಗುತ್ತಿರುವವರನ್ನು ನಿಲ್ಲಿಸಿ ಹೆಸರು ಕೇಳು ಎಂದು ಹೇಳುವಷ್ಟು ಕಲ್ಲುಮನಸ್ಸು ನನಗಿಲ್ಲ. ಆದರೆ ಅಷ್ಟು ಲಕ್ಷ ಜನರಲ್ಲಿ ಮುಖ ಉಳಿದವರೇ ಕೆಲವರು, ಅವರಿಗೂ ಹೆಸರು ಉಳಿಯಲಿಲ್ಲವಲ್ಲ ಎನ್ನಿಸದೆ ಇರುವುದಿಲ್ಲ.

ಹೆಸರು ಬರೆದುಕೊಂಡರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಎರಡು ಉದಾಹರಣೆಗಳಿವೆ. ಎರಡೂ ನಿಮ್ಮ ಪಠ್ಯದಲ್ಲಿ ಬರುವಂಥವೇ. ಆದರೆ ಪಠ್ಯದಲ್ಲಿ ಬರುವುದು ಚಿತ್ರ, ಅದರ ಹಿಂದಿನ ಟಿಪ್ಪಣಿಯಲ್ಲ.

ಲೂಯಿಸ್ ಹೈನ್ ಮೊದಲು ಶಾಲಾ ಮೇಷ್ಟ್ರು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಯೊಂದಕ್ಕಾಗಿ 1908ರಿಂದ ಹತ್ತಿಗಿರಣಿ, ಗಣಿ, ಗಾಜಿನ ಕಾರ್ಖಾನೆಗಳನ್ನು ಸುತ್ತಿದರು. ಮಾಲೀಕರು ಒಳಗೆ ಬಿಡುತ್ತಿರಲಿಲ್ಲ. ಬೈಬಲ್ ಮಾರುವವನೆಂದೋ ಬೆಂಕಿ ಸುರಕ್ಷತೆ ತಪಾಸಣೆಗೆ ಬಂದವನೆಂದೋ ಹೇಳಿಕೊಂಡು ಹೋಗುತ್ತಿದ್ದರು. ಅವರ ಅಂಗಿಯ ಪ್ರತಿ ಗುಂಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಮಗು ಪಕ್ಕದಲ್ಲಿ ನಿಂತಾಗ ಯಾವ ಗುಂಡಿಯವರೆಗೆ ಬರುತ್ತದೆಂದು ನೋಡಿ ಎತ್ತರ ತಿಳಿದುಕೊಳ್ಳುತ್ತಿದ್ದರು. ಕೈ ಜೇಬಿನಲ್ಲೇ ಇಟ್ಟುಕೊಂಡು ಒಳಗಿದ್ದ ಚೀಟಿಯಲ್ಲಿ ಯಾರಿಗೂ ಕಾಣದಂತೆ ಗುರುತು ಹಾಕಿಕೊಳ್ಳುತ್ತಿದ್ದರು. 1908ರಲ್ಲಿ ಉತ್ತರ ಕೆರೊಲಿನಾದ ಹತ್ತಿಗಿರಣಿಯೊಂದರಲ್ಲಿ ತೆಗೆದ ಹುಡುಗಿಯ ಚಿತ್ರಕ್ಕೆ ಅವರು ಬರೆದಿಟ್ಟ ವಿವರ ಹೀಗಿದೆ: ಎತ್ತರ 51 ಅಂಗುಲ. ಗಿರಣಿಗೆ ಬಂದು ಒಂದು ವರ್ಷ. ಕೆಲವೊಮ್ಮೆ ರಾತ್ರಿ ಪಾಳಿಯೂ ಉಂಟು. ದಿನಕ್ಕೆ 48 ಸೆಂಟ್ ಕೂಲಿ. ವಯಸ್ಸು ಕೇಳಿದರೆ ಮೊದಲು ನೆನಪಿಲ್ಲ ಎಂದಳು, ಆಮೇಲೆ ಗುಟ್ಟಾಗಿ, ಕೆಲಸಕ್ಕೆ ಸೇರುವ ವಯಸ್ಸು ತನಗಾಗಿಲ್ಲ, ಆದರೂ ಮಾಡುತ್ತಿದ್ದೇನೆ ಎಂದಳು. ಅಲ್ಲಿನ 50 ಕೆಲಸಗಾರರಲ್ಲಿ ಇವಳಷ್ಟೇ ಎತ್ತರದವರು ಹತ್ತು ಮಂದಿ.

ಈ ಟಿಪ್ಪಣಿಯಲ್ಲಿ ಹೆಸರಿಲ್ಲ ಎಂದು ನೀವು ಕೇಳಬಹುದು. ನಿಜ, ಇದರಲ್ಲಿಲ್ಲ, ಎಷ್ಟೋ ಬೇರೆ ಚಿತ್ರಗಳಲ್ಲಿ ಹೆಸರನ್ನೂ ಬರೆದಿದ್ದಾರೆ. ಆದರೆ ಎತ್ತರ, ಕೂಲಿ, ಪಾಳಿ ಇವೆಯಲ್ಲ, ಅವನ್ನು ಯಾವ ಗಿರಣಿ ಮಾಲೀಕನೂ ಭಾವುಕತೆ ಎಂದು ತಳ್ಳಿಹಾಕುವಂತಿರಲಿಲ್ಲ. ಚಿತ್ರ ಕರುಳು ಹಿಂಡಿತು, ಟಿಪ್ಪಣಿ ಸಾಕ್ಷಿ ಹೇಳಿತು. ಅಮೆರಿಕದಲ್ಲಿ ಬಾಲಕಾರ್ಮಿಕರ ಬಗ್ಗೆ 1916ರಲ್ಲಿ ಬಂದ ಕಾನೂನನ್ನು ನ್ಯಾಯಾಲಯ 1918ರಲ್ಲಿ ರದ್ದು ಮಾಡಿತು. ಗಟ್ಟಿಯಾದ ಕಾನೂನು ನೆಲೆ ನಿಂತದ್ದು 1938ರಲ್ಲಿ. ಅಷ್ಟು ಹೊತ್ತಿಗೆ ಹೈನ್ ಅವರೇ ಬಡತನಕ್ಕೆ ಬಿದ್ದಿದ್ದರು. ಅವರು ತೀರಿಕೊಂಡದ್ದು 1940ರಲ್ಲಿ. ಅವರ ಸುಮಾರು 5,000 ಚಿತ್ರಗಳು ಟಿಪ್ಪಣಿಗಳ ಸಮೇತ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ.

ಎರಡನೆಯದು ಡೊರೊತಿಯಾ ಲ್ಯಾಂಗ್ ತೆಗೆದ ಜಗತ್ಪ್ರಸಿದ್ಧ ಚಿತ್ರ, ‘ವಲಸೆ ತಾಯಿ’. 1936ರ ಮಾರ್ಚ್, ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರ. ಬೆಳೆ ಹಾಳಾಗಿ ಕೆಲಸವಿಲ್ಲ. ಲ್ಯಾಂಗ್ ಕೆಲವೇ ನಿಮಿಷಗಳಲ್ಲಿ ಬೆರಳೆಣಿಕೆಯಷ್ಟು ಚಿತ್ರ ತೆಗೆದುಕೊಂಡು ಹೊರಟುಬಿಟ್ಟರು. ವಯಸ್ಸು 32 ಎಂದು ತಿಳಿದುಕೊಂಡರು, ಹೆಸರು ಕೇಳಲಿಲ್ಲ. ಆ ಬಿಡಾರದ ಚಿತ್ರಗಳು ಸ್ಯಾನ್‌ಫ್ರಾನ್ಸಿಸ್ಕೊ ಪತ್ರಿಕೆಯಲ್ಲಿ ಬಂದ ಕೂಡಲೇ ಸರ್ಕಾರ ಅಲ್ಲಿಗೆ 20,000 ಪೌಂಡ್, ಅಂದರೆ ಒಂಬತ್ತು ಟನ್ನಿನಷ್ಟು ಆಹಾರ ಕಳಿಸಿತು. ಚಿತ್ರದ ಶಕ್ತಿ ಎಂದರೆ ಇದೇ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಆಹಾರ ಬರುವ ಹೊತ್ತಿಗೆ ಆ ತಾಯಿ ಮತ್ತು ಮಕ್ಕಳು ಅಲ್ಲಿಂದ ಹೊರಟುಹೋಗಿದ್ದರು. ಆಕೆ ಯಾರೆಂದು ಜಗತ್ತಿಗೆ ತಿಳಿಯಲು 42 ವರ್ಷ ಬೇಕಾಯಿತು. 1978ರಲ್ಲಿ ಒಂದು ಸ್ಥಳೀಯ ಪತ್ರಿಕೆಯ ವರದಿಗಾರ ಆಕೆಯನ್ನು ಪತ್ತೆ ಮಾಡಿದ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಅಮೆರಿಕದ ಮೂಲನಿವಾಸಿ ಚೆರೊಕೀ ಕುಲದವರು, ಆಗ ಎಪ್ಪತ್ತರ ಗಡಿ ದಾಟಿದ್ದರು. ತನ್ನ ಮುಖ ಅಂಚೆಚೀಟಿಯಷ್ಟು ಪರಿಚಿತವಾಗಿದ್ದರೂ ತನಗೆ ಅದರಿಂದ ಒಂದು ಕಾಸೂ ಬರಲಿಲ್ಲ, ಹೆಸರು ಕೂಡ ಕೇಳಲಿಲ್ಲ ಎಂಬ ನೋವು ಆಕೆಗಿತ್ತು. ಅವರು ಕಾರಿನ ಟೈರು ಮಾರಿ ಊಟ ಮಾಡಿದ್ದರು ಎಂಬ ಲ್ಯಾಂಗ್ ಟಿಪ್ಪಣಿಯನ್ನೂ ಮನೆಯವರು ಒಪ್ಪಲಿಲ್ಲ. ಲ್ಯಾಂಗ್ ದೊಡ್ಡ ಕಲಾವಿದೆ, ಕರುಣೆಯುಳ್ಳವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಇನ್ನೈದು ನಿಮಿಷ ಅಲ್ಲಿ ಕುಳಿತಿದ್ದರೆ ಕಥೆ ಬೇರೆಯಾಗುತ್ತಿತ್ತು.

ಕ್ಯಾಮೆರಾದ ಮುಂದಿರುವವರ ಹೆಸರು ಮಾತ್ರವಲ್ಲ, ಹಿಂದಿರುವವರ ಹೆಸರೂ ಕಳೆದುಹೋಗುತ್ತದೆ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರವಾಲಾ 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು. ಆರಂಭದಲ್ಲಿ ಅವರು ತೆಗೆದದ್ದು ಮುಂಬಯಿಯ ದಿನನಿತ್ಯದ ಬದುಕನ್ನು. ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ಆ ಚಿತ್ರಗಳು ಬಂದಾಗ ಕೆಳಗೆ ಇದ್ದ ಹೆಸರು ಗಂಡ ಮಾಣೆಕ್‌ಷಾ ಅವರದು. ಆಮೇಲೆ ದೆಹಲಿಗೆ ಬಂದು, ಸೀರೆಯುಟ್ಟು ಭಾರಿ ಕ್ಯಾಮೆರಾ ಹೊತ್ತು, ಸ್ವಾತಂತ್ರ್ಯದ ದಿನಗಳನ್ನೂ ಗಾಂಧೀಜಿಯವರ ಅಂತ್ಯಯಾತ್ರೆಯನ್ನೂ ನೆಹರೂ ಅವರ ನೂರು ಭಂಗಿಗಳನ್ನೂ ಸೆರೆಹಿಡಿದರು. ತಮ್ಮ ಕಾರಿನ ಡಿಎಲ್‌ಡಿ 13 ಎಂಬ ನಂಬರಿನಿಂದ ‘ಡಾಲ್ಡಾ 13’ ಎಂದು ತಮಾಷೆಯ ಹೆಸರಿಟ್ಟುಕೊಂಡರು. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಪದ್ಮವಿಭೂಷಣ ಬಂದದ್ದು 2011ರಲ್ಲಿ, ಮರುವರ್ಷ ಅವರು ತೀರಿಕೊಂಡರು. ನಾಯಕರ ಚಿತ್ರಗಳಿಂದ ಅವರು ಪ್ರಸಿದ್ಧರಾದರು. ನನಗೆ ಮಾತ್ರ ಆ ಹಳೆಯ ಮುಂಬಯಿ ಚಿತ್ರಗಳು, ಕಲಾಶಾಲೆಯ ಗೆಳತಿಯರು ನಗುತ್ತಿರುವ ಚಿತ್ರಗಳು ಹೆಚ್ಚು ಮಾತನಾಡುತ್ತವೆ. ನೆಹರೂ ಹೇಗಿದ್ದರೆಂದು ತೋರಿಸಲು ಇನ್ನೂ ಹತ್ತು ಜನ ಇದ್ದರು. ಓದುವ ಹುಡುಗಿಯರು 1930ರ ದಶಕದಲ್ಲಿ ಹೇಗೆ ನಗುತ್ತಿದ್ದರೆಂದು ತೋರಿಸಿದವರು ಎಷ್ಟು ಜನ?

ಈಗ ನಮ್ಮವರೇ ಆದ ಟಿ.ಎಸ್. ಸತ್ಯನ್ ಅವರ ವಿಷಯಕ್ಕೆ ಬರುತ್ತೇನೆ. ದಿನನಿತ್ಯದ ಬದುಕು ಎಂಬ ಈ ವಿಷಯಕ್ಕೆ ಅವರಿಗಿಂತ ಹತ್ತಿರದವರು ನನಗೆ ಗೊತ್ತಿಲ್ಲ. ಮೈಸೂರಿನಲ್ಲಿ 1923ರ ಡಿಸೆಂಬರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಶುರುವಾದಾಗ ಅದರ ಛಾಯಾಗ್ರಾಹಕರಾದರು. ಆಮೇಲೆ ‘ಇಲಸ್ಟ್ರೇಟೆಡ್ ವೀಕ್ಲಿ’, ಮುಂದೆ ಸ್ವತಂತ್ರ ವೃತ್ತಿ, ದಶಕಗಳ ದೆಹಲಿ ವಾಸ, ಕೊನೆಗೆ ಮತ್ತೆ ಮೈಸೂರು. 1977ರಲ್ಲಿ ಪದ್ಮಶ್ರೀ ಬಂತು. 2009ರ ಡಿಸೆಂಬರಿನಲ್ಲಿ, 86 ತುಂಬಲು ಕೆಲವೇ ದಿನಗಳಿದ್ದಾಗ, ಮೈಸೂರಿನಲ್ಲೇ ತೀರಿಕೊಂಡರು. ಪ್ರಧಾನಿಗಳು, ಲೇಖಕರು, ವಿಜ್ಞಾನಿಗಳು ಎಲ್ಲರೂ ಅವರ ಕ್ಯಾಮೆರಾಕ್ಕೆ ಸಿಕ್ಕಿದ್ದಾರೆ. ಆದರೆ ಸತ್ಯನ್ ಎಂದ ಕೂಡಲೇ ನೆನಪಾಗುವುದು ಮಕ್ಕಳು. ಆಡುವ, ಅಳುವ, ದುಡಿಯುವ, ಸುಮ್ಮನೆ ನೋಡುತ್ತ ನಿಂತ ಮಕ್ಕಳು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಹೆಸರು ‘ಲಿಟ್ಲ್ ಪೀಪಲ್’.

ಆ ಕಾಲದ ಕ್ಯಾಮೆರಾ ಬಗ್ಗೆ ಒಂದು ಮಾತು. ಆಗ ಪತ್ರಿಕೆಯವರ ಅಚ್ಚುಮೆಚ್ಚಿನ ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಚಿತ್ರ. ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿ ನೋಡಬೇಕು. ಹಾಗೆ ಹಿಡಿದವನು ಎದುರಿನವರನ್ನು ಗುರಿಯಿಟ್ಟು ನೋಡಿದಂತೆ ಕಾಣುವುದಿಲ್ಲ. ನಮಸ್ಕಾರ ಮಾಡಿದಂತೆ ಕಾಣುತ್ತಾನೆ. ಮಗುವಿನ ಕಣ್ಣಿನ ಎತ್ತರಕ್ಕೂ ಕ್ಯಾಮೆರಾ ಸುಲಭವಾಗಿ ಇಳಿಯುತ್ತದೆ. 12 ಮುಗಿದ ಮೇಲೆ ರೋಲು ಬದಲಿಸುವಷ್ಟು ಹೊತ್ತು ಮಾತನಾಡಲೇಬೇಕು. ಈಗ ನಾವು ಒಂದು ನಿಮಿಷದಲ್ಲಿ 40 ಚಿತ್ರ ತೆಗೆದು, ಒಂದೂ ಮಾತನಾಡದೆ ಬೈಕ್ ಹತ್ತುತ್ತೇವೆ.

ಸತ್ಯನ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಿತ್ರವೊಂದು ಜನರ ದಿನನಿತ್ಯದ ಬದುಕಿನೊಳಗೆ ಹೋಗಿ ಕೆಲಸ ಮಾಡಿದ ಇಂಥ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ನಿಮ್ಮಲ್ಲಿ ಯಾರೂ ಸಿಡುಬನ್ನು ಕಂಡಿಲ್ಲ, ನಾನೂ ಕಂಡಿಲ್ಲ. ನಮ್ಮ ಅಜ್ಜಿಯರು ಕಂಡಿದ್ದರು. ಅವರು ಅದನ್ನು ರೋಗವೆಂದು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಮನೆಯಲ್ಲಿ ಅಮ್ಮ ಬಂದದ್ದನ್ನು ಸರ್ಕಾರಿ ನೌಕರನಿಗೆ ಹೇಳುವುದು ಯಾರಿಗೂ ಇಷ್ಟವಿರಲಿಲ್ಲ. ಎಲ್ಲರಿಗೂ ಲಸಿಕೆ ಹಾಕುತ್ತ ಹೋದರೂ ರೋಗ ಎಲ್ಲೋ ಒಂದು ಮೂಲೆಯಲ್ಲಿ ಉಳಿದು ಮತ್ತೆ ಹಬ್ಬುತ್ತಿತ್ತು. ಆದ್ದರಿಂದ 1970ರ ದಶಕದಲ್ಲಿ ಮನೆಮನೆ ಹುಡುಕಾಟ ಶುರುವಾಯಿತು. ರೋಗಿಯನ್ನು ಪತ್ತೆ ಮಾಡಿ, ಸುತ್ತಮುತ್ತಲಿನವರಿಗೆಲ್ಲ ಲಸಿಕೆ ಹಾಕಿ, ರೋಗ ದಾಟದಂತೆ ಬೇಲಿ ಕಟ್ಟುವುದು ಉಪಾಯ.

ಆ ಕೆಲಸಗಾರರ ಕೈಯಲ್ಲಿ ಒಂದು ಕಾರ್ಡ್ ಇರುತ್ತಿತ್ತು. ಅದರ ಮೇಲೆ ಸಿಡುಬಿನ ಬೊಕ್ಕೆಗಳು ಎದ್ದ ಒಂದು ಮಗುವಿನ ಫೋಟೊ. ಓದು ಬಾರದವರಿಗೆ, ಭಾಷೆ ತಿಳಿಯದ ಊರಿನವರಿಗೆ, ಸಂತೆಗೆ ಬಂದವರಿಗೆ, ಶಾಲೆಯ ಮಕ್ಕಳಿಗೆ ಅದನ್ನು ತೋರಿಸಿ ‘ಇಂಥದ್ದನ್ನು ಎಲ್ಲಾದರೂ ನೋಡಿದ್ದೀರಾ?’ ಎಂದು ಕೇಳುವುದು. ದೊಡ್ಡವರು ಮುಚ್ಚಿಟ್ಟದ್ದನ್ನು ಮಕ್ಕಳು ಬೆರಳು ತೋರಿಸಿ ಹೇಳಿಬಿಡುತ್ತಿದ್ದರು. ರೋಗ ಕಡಿಮೆಯಾಗುತ್ತ ಬಂದಂತೆ ಸುದ್ದಿ ಕೊಟ್ಟವರಿಗೆ ಬಹುಮಾನವೂ ಏರುತ್ತ ಹೋಗಿ ಕೊನೆಗೆ 1,000 ರೂಪಾಯಿಗೆ ಬಂತು. 1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಂಗಂಜಿನಲ್ಲಿ ಕಂಡದ್ದೇ ಭಾರತದ ಕೊನೆಯ ಸಿಡುಬು. 1977ರಲ್ಲಿ ದೇಶ ಸಿಡುಬುಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು, 1980ರಲ್ಲಿ ಇಡೀ ಜಗತ್ತು ಮುಕ್ತವೆಂದು ಘೋಷಣೆಯಾಯಿತು.

ಇಲ್ಲಿ ಎರಡು ಬಗೆಯ ಚಿತ್ರಗಳು ಸೇರಿಕೊಂಡಿವೆ ನೋಡಿ. ಕಾರ್ಡಿನ ಮೇಲಿನ ಮಗುವಿಗೆ ಹೆಸರು ಬೇಕಿರಲಿಲ್ಲ. ಅದು ಯಾರ ಮಗುವೂ ಆಗಬಹುದಾಗಿತ್ತು ಎಂಬುದೇ ಆ ಚಿತ್ರದ ಉಪಯೋಗ. ಆದರೆ ಆ ಹುಡುಕಾಟವನ್ನು ಚಿತ್ರಿಸಿದ ಸತ್ಯನ್ ಅವರಂಥವರ ಕೆಲಸ ಬೇರೆ. ಮನೆಬಾಗಿಲಿಗೆ ಬಂದ ಆರೋಗ್ಯ ಕಾರ್ಯಕರ್ತ, ತೋಳು ಚಾಚಲು ಹೆದರಿದ ಮಗು, ಕಣ್ಣರಳಿಸಿ ನಿಂತ ನೆರೆಹೊರೆ, ಇವು ಒಂದು ಊರಿನ, ಒಂದು ದಿನದ ನಿಜ. ಅಲ್ಲಿ ಊರಿನ ಹೆಸರು ಬೇಕು, ವರ್ಷ ಬೇಕು. ಇಲ್ಲದಿದ್ದರೆ ನಾಳೆ ಅದನ್ನು ಪೋಲಿಯೊ ಚಿತ್ರವೆಂದೂ ಹಾಕಬಹುದು, ಬರದ ಚಿತ್ರವೆಂದೂ ಹಾಕಬಹುದು.

ಇದು ಬರೀ ಊಹೆಯ ಮಾತಲ್ಲ. 2017ರಲ್ಲಿ ನಮ್ಮ ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ವರದಿಯಲ್ಲಿ ಗಡಿಗೆ ದೀಪ ಹಾಕಿದ ಕೆಲಸವನ್ನು ತೋರಿಸಲು ಒಂದು ಚಿತ್ರ ಬಂತು. ಸಾಲು ದೀಪಗಳು, ಉದ್ದದ ಬೇಲಿ, ನೋಡಲು ಚೆಂದ. ಆಮೇಲೆ ಗೊತ್ತಾಯಿತು, ಅದು ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಗಡಿ. ಚಿತ್ರ ಸುಳ್ಳಲ್ಲ, ಕೆಳಗಿನ ಸಾಲು ಸುಳ್ಳು. ಈಗ ಪ್ರತಿ ಮಳೆಗಾಲದಲ್ಲೂ ಯಾವುದೋ ಹಳೆಯ ಪ್ರವಾಹದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ, ಕೆಳಗೆ ನಮ್ಮ ಊರಿನ ಹೆಸರು. ಅದಕ್ಕೆ ಫೋಟೊ ತಿದ್ದುವ ಕಷ್ಟವೂ ಬೇಡ. ಇನ್ನು ಕ್ಯಾಮೆರಾವೇ ಇಲ್ಲದೆ ಕಂಪ್ಯೂಟರ್ ಹುಟ್ಟಿಸುವ ಚಿತ್ರಗಳಂತೂ ಬಂದೇ ಬಿಟ್ಟಿವೆ. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಎಂಬ ಜರ್ಮನ್ ಕಲಾವಿದ ಅಂಥ ಚಿತ್ರವನ್ನೇ ದೊಡ್ಡ ಛಾಯಾಗ್ರಹಣ ಸ್ಪರ್ಧೆಗೆ ಕಳಿಸಿ ಬಹುಮಾನ ಗೆದ್ದು, ಇದು ಫೋಟೊ ಅಲ್ಲ ಎಂದು ಹೇಳಿ ಬಹುಮಾನ ಬಿಟ್ಟುಬಂದ. ಅಂಥ ಚಿತ್ರದಲ್ಲಿ ನೀರಿಗೆ ಕಾದ ತಾಯಿಯನ್ನೂ ಹುಟ್ಟಿಸಬಹುದು, ಅವಳ ಕಣ್ಣಲ್ಲಿ ನೀರನ್ನೂ ತರಿಸಬಹುದು. ಅವಳ ಬೀದಿಯ ಹೆಸರು ಕೇಳಿ, ಆ ಬೀದಿಗೆ ಹೋಗಿ ಬಾಗಿಲು ತಟ್ಟಿ, ಆಗ ತಿಳಿಯುತ್ತದೆ.

ಹಾಗೆಂದು ಎಲ್ಲ ಚಿತ್ರದ ಕೆಳಗೂ ಹೆಸರು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೊ, ಮನೆ, ಶಾಲೆ ಯಾವುದನ್ನೂ ಪತ್ರಿಕೆ ಬಯಲು ಮಾಡುವಂತಿಲ್ಲ ಎಂದು 2012ರ ಪೋಕ್ಸೊ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರು, ಸಾಲಕ್ಕೆ ಹೆದರಿ ಊರು ಬಿಟ್ಟವರು, ಮನೆಯವರಿಗೆ ಹೇಳದೆ ಕೂಲಿಗೆ ಬಂದವರು, ಇವರೆಲ್ಲ ಹೆಸರು ಬೇಡ ಎಂದರೆ ಬೇಡ. ಆದರೆ ಅದು ಕೇಳಿದ ಮೇಲೆ ಸಿಕ್ಕ ‘ಬೇಡ’ ಆಗಿರಬೇಕು. ನಮ್ಮ ಪುಟಗಳಲ್ಲಿ ಹೆಸರಿಲ್ಲದಿರುವುದಕ್ಕೆ ಕಾರಣ ಹೆಚ್ಚಿನ ಸಲ ಅವರ ಸಂಕೋಚವಲ್ಲ, ನಮ್ಮ ಅವಸರ. ವೇದಿಕೆಯ ಎಂಟು ಜನರ ಹೆಸರು ಆಹ್ವಾನಪತ್ರಿಕೆಯಲ್ಲೇ ಅಚ್ಚಾಗಿ ಸಿಗುತ್ತದೆ. ನಲ್ಲಿಯ ಮುಂದೆ ಕುಳಿತವಳ ಹೆಸರನ್ನು ಬಗ್ಗಿ ನಿಂತು, ‘ಅಕ್ಕಾ, ನಿಮ್ಮ ಹೆಸರೇನು?’ ಎಂದು ಕೇಳಬೇಕು. ಆಗ ಅವಳೂ ತಿರುಗಿ ಕೇಳುತ್ತಾಳೆ: ‘ಪೇಪರ್‌ನಾಗ ಹಾಕಿದ್ರ ನೀರು ಬರ್ತದೇನ್ರೀ?’ ಆ ಪ್ರಶ್ನೆಗೆ ಉತ್ತರವಿಲ್ಲದೆ ನಿಲ್ಲುವುದು ಯಾರಿಗೂ ಹಿತವಲ್ಲ. ಬಹುಶಃ ಅದಕ್ಕೇ ನಾವು ಹೆಸರು ಕೇಳುವುದಿಲ್ಲ.

ಹಳೆಯ ಫೋಟೊಗಳ ಬಗ್ಗೆ ಇಷ್ಟು ಹೇಳಿ ಮುಗಿಸುತ್ತೇನೆ. ಜಿಲ್ಲಾ ಕೇಂದ್ರಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಛಾಯಾಗ್ರಾಹಕರ ಮನೆಗಳಲ್ಲಿ ನೆಗೆಟಿವ್‌ಗಳ ಪೆಟ್ಟಿಗೆಗಳಿವೆ. ತೇವಕ್ಕೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೇಲೆ ಬೂಷ್ಟು ಹಿಡಿಯುತ್ತದೆ. ಸ್ಕ್ಯಾನ್ ಮಾಡಿಸಿ ಉಳಿಸಿಕೊಳ್ಳೋಣ ಎಂದು ಹೊರಟರೆ ಅದಕ್ಕಿಂತ ದೊಡ್ಡ ತೊಡಕು ಎದುರಾಗುತ್ತದೆ: ಇದು ಯಾವ ಊರಿನ ಜಾತ್ರೆ, ಯಾವ ವರ್ಷದ ನೆರೆ, ಆ ಮುಷ್ಕರದಲ್ಲಿ ಮುಂದೆ ನಿಂತವರು ಯಾರು? ತೆಗೆದವರು ಇರುವಾಗಲೇ ಹೋಗಿ ಕುಳಿತು ಕೇಳಿ ಬರೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಕೆಲಸಕ್ಕೆ ದುಬಾರಿ ಕ್ಯಾಮೆರಾ ಬೇಡ. ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್, ನಾಲ್ಕು ಭಾನುವಾರ ಸಾಕು. ಇಲ್ಲಿರುವ ನಿಮ್ಮಲ್ಲಿ ಹತ್ತು ಜನ ಒಪ್ಪಿದರೂ ನಮ್ಮ ಜಿಲ್ಲೆಯ ಅರ್ಧ ಕೆಲಸ ಆಗುತ್ತದೆ. ಒಪ್ಪುವವರು ಆಮೇಲೆ ನನ್ನ ಹತ್ತಿರ ಬಂದು ಹೆಸರು ಕೊಡಿ.

ಈ ಸಭಾಂಗಣದ ಹೊರಗೆ ನೀವೆಲ್ಲ ತೆಗೆದ ಚಿತ್ರಗಳ ಪ್ರದರ್ಶನ ಇದೆ. ಒಳಗೆ ಬರುವ ಮೊದಲು ಒಂದು ಸುತ್ತು ಹಾಕಿದೆ. ಬಾಗಿಲ ಪಕ್ಕದಲ್ಲೇ ತಿಗರಿಯ ಮೇಲೆ ಮಡಕೆ ತಿರುಗಿಸುತ್ತಿರುವ ವೃದ್ಧರೊಬ್ಬರ ಚಿತ್ರವಿದೆ. ಬಲಗೈ ಹೆಬ್ಬೆರಳು ಹಸಿ ಮಣ್ಣಿನಲ್ಲಿ ಅರ್ಧ ಮುಳುಗಿದೆ, ಬೆಳಕು ಬಹಳ ಚೆನ್ನಾಗಿ ಸಿಕ್ಕಿದೆ. ಕೆಳಗೆ ‘ಬದುಕಿನ ಚಕ್ರ’ ಎಂದು ಬರೆದಿದೆ. ಅದನ್ನು ತೆಗೆದವರು ಇಲ್ಲಿದ್ದರೆ ದಯವಿಟ್ಟು ಎದ್ದು ನಿಲ್ಲಿ. ಆ ಅಜ್ಜನ ಹೆಸರೇನು, ಯಾವ ಊರು, ಆ ಮಡಕೆ ಸಂತೆಯಲ್ಲಿ ಎಷ್ಟಕ್ಕೆ ಹೋಗುತ್ತದೆ? ಗೊತ್ತಿದ್ದರೆ ಈಗಲೇ ಹೇಳಿ, ಚೀಟಿಯಲ್ಲಿ ಬರೆದು ಅಂಟಿಸಿ ಬರೋಣ. ಗೊತ್ತಿಲ್ಲದಿದ್ದರೆ ನಾಳೆ ಭಾನುವಾರ, ಬೆಳಿಗ್ಗೆಯ ಬಸ್ಸಿಗೆ ಹೋಗಿ ಕೇಳಿಕೊಂಡು ಬನ್ನಿ. ಹೋಗುವಾಗ ಆ ಫೋಟೊದ ಒಂದು ಪ್ರತಿಯನ್ನು ಅವರಿಗೂ ತೆಗೆದುಕೊಂಡು ಹೋಗಿ.